ಎರಡನೇ ಫೇಟಾ

ಸೊಲ್ಲಾಪುರದ ಮಂದಿಗೆ ಸತ್ಕಾರದ ಹುಚ್ಚು. ಹತ್ತನೇ ಇಯತ್ತೆ ಪಾಸಾದರೆ ಸತ್ಕಾರ, ನೌಕರಿ ಹತ್ತಿದರೆ ಸತ್ಕಾರ, ನೌಕರಿ ಮುಗಿದರೂ ಸತ್ಕಾರ. ಒಂದು ಟಾವೆಲ್ಲು, ಒಂದು ತೆಂಗಿನಕಾಯಿ, ತಲೆಗೊಂದು ಫೇಟಾ. ಆ ಫೇಟಾ ಕಟ್ಟುವುದಕ್ಕೆ ಪೇಟೆಯಲ್ಲಿ ಚಂದ್ರಶೇಖರರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಮೂವತ್ತೆರಡು ವರ್ಷ ಸಾಲೆಯ ಕಚೇರಿಯಲ್ಲಿ ಫೈಲು ಕಟ್ಟಿದ ಹೆಡ್ ಕ್ಲಾರ್ಕು. ಅವರು ನಿಲ್ಲಿಸಿದ ತುರಾಯಿ ಮೆರವಣಿಗೆ ಮುಗಿದರೂ ಬಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅದೇ ಕೈಯಿಂದ ಮಗ ಪರಾಗನಿಗೂ ಕಟ್ಟಿದ್ದರು. ಅದು ನೆನಪಾದಾಗಲೆಲ್ಲ ಅವರಿಗೆ ತಮ್ಮ ಕೈಯನ್ನೇ ನೋಡಲು ನಾಚಿಕೆ.

ಪರಾಗ ಮೊದಲು ಶುದ್ಧ ಉಡಾಳ. ಆಮೇಲೆ ಯಾರದೋ ಸಂಗಡ ಕೂಡಿ ಗುಟಕಾ ಬಿಟ್ಟ, ಗುರುವಾರಕ್ಕೊಮ್ಮೆ ಅಕ್ಕಲಕೋಟಕ್ಕೆ ಹೋಗಿ ಸ್ವಾಮಿಯ ದರ್ಶನ ಮಾಡತೊಡಗಿದ. ತಾಯಿ ವೇಣೂಬಾಯಿ ಹರಕೆ ತೀರಿಸಿದಳು. ಆ ಸಂಗಡಿಗರು ಯಾರು, ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಏನು ನೋಡುತ್ತಾನೆ, ಊಟಕ್ಕೆ ಕೂತಾಗ ಯಾರನ್ನು ಬೈಯುತ್ತಾನೆ, ಯಾರೂ ಕೇಳಲಿಲ್ಲ. ಹಣೆಯ ಮೇಲೆ ಅಷ್ಟಗಂಧ ಇದೆಯಲ್ಲ, ಇನ್ನೇನು ಬೇಕು! ಒಂದು ದಿನ ಈ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಕಾಲೇಜಿನ ಜೋಡಿಯೊಂದನ್ನು ಹಿಡಿದರು. ಹುಡುಗಿಯ ಧರ್ಮ ಬೇರೆ, ಹುಡುಗನ ಧರ್ಮ ಬೇರೆ ಎಂದು ಅವನ ಹಲ್ಲು ಉದುರಿಸಿದರು. ಗಣಪತಿ ಮಂಡಳದ ಅಧ್ಯಕ್ಷ, ಬಟ್ಟೆ ವ್ಯಾಪಾರಿ ಅಣ್ಣಾರಾಯರು ಅವರನ್ನು ಮಂಟಪಕ್ಕೆ ಕರೆಸಿ ಸತ್ಕಾರ ಮಾಡಿದರು. ಚಂದ್ರಶೇಖರರು ಎದೆಯುಬ್ಬಿಸಿಕೊಂಡು ಫೇಟಾ ಕಟ್ಟಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅನ್ನುತ್ತಾರೆ. ಇಲ್ಲಿ ಗಿಡವನ್ನು ಬಗ್ಗಿಸುವುದಿರಲಿ, ಅದಕ್ಕೆ ಹಾರ ಹಾಕಿ ಫೋಟೋ ತೆಗೆದಿದ್ದರು.

ಈ ವರ್ಷ ಆ ಗಿಡ ಹಣ್ಣು ಬಿಟ್ಟಿತು. ಚಪಳಗಾಂವದ ರಾಚಪ್ಪ ಜಡ್ಡಿಗೆ ಬಿದ್ದ ತನ್ನ ಆಕಳನ್ನು ಟೆಂಪೋದಲ್ಲಿ ಹಾಕಿಕೊಂಡು ಅಕ್ಕಲಕೋಟದ ದನದ ದವಾಖಾನೆಗೆ ಹೊರಟಿದ್ದ. ಓಡಿಸುತ್ತಿದ್ದವನು ಅದೇ ಊರಿನ ದಸ್ತಗೀರ. ಆಕಳನ್ನು ಕಡಿಯಲು ಒಯ್ಯುತ್ತೀರಿ ಎಂದು ಪರಾಗ ಮತ್ತು ನಾಲ್ವರು ದಾರಿಯಲ್ಲಿ ಅಡ್ಡಗಟ್ಟಿದರು. ರಾಚಪ್ಪ ಹೆಸರು ಹೇಳಿದ, ಕೊರಳಿನ ಲಿಂಗ ತೋರಿಸಿದ. ಎರಡು ಏಟಿಗೆ ಬಿಟ್ಟರು. ದಸ್ತಗೀರನೂ ಹೆಸರು ಹೇಳಿದ. ಅವನ ಎರಡೂ ಕೈಗಳ ಮೇಲೆ ಕಬ್ಬಿಣದ ರಾಡು ಬಿತ್ತು. ಆಕಳು ಟೆಂಪೋದಲ್ಲೇ ಸತ್ತಿತು.

ಪರಾಗನಿಗೆ ಜಾಮೀನು ಸಿಕ್ಕ ಮೇಲೆ ಪೇಟೆಯ ಹಿರಿಯರು ಸಭೆ ಸೇರಿದರು. ಹುಡುಗರನ್ನು ತಿದ್ದುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ರಾಚಪ್ಪ ನಮ್ಮವನೇ, ಅವನಿಗೆ ಹೊಡೆದದ್ದು ತಪ್ಪಾಯಿತು, ಊರಿಗೇ ಹೋಗಿ ಸತ್ಕಾರ ಮಾಡಿ ಬರೋಣ ಎಂದರು ಅಣ್ಣಾರಾಯರು. ದಸ್ತಗೀರನನ್ನು ಬಿಟ್ಟರೆ ಕಣ್ಣಾರೆ ಕಂಡ ಸಾಕ್ಷಿ ರಾಚಪ್ಪ ಒಬ್ಬನೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಾಕ್ಷಿಯ ಹತ್ತಿರ ಸುಳಿಯಬಾರದು ಅಂತ ಕೋರ್ಟು ಹೇಳಿದೆಯಲ್ಲ ಎಂದು ಚಂದ್ರಶೇಖರರು ಮೆಲ್ಲಗೆ ನೆನಪಿಸಿದರು. ಇದು ಸುಳಿಯುವುದಲ್ಲ, ಊಟ ಎಂದರು ಅಣ್ಣಾರಾಯರು.

ಚಂದ್ರಶೇಖರರು ಒಪ್ಪಿದರು. ಆದರೆ ಚೀಲದಲ್ಲಿ ಎರಡು ಫೇಟಾದ ಬಟ್ಟೆ ಇಟ್ಟುಕೊಂಡರು. ಅವರಿಗೆ ಬೇಕಾಗಿದ್ದುದು ಒಂದೇ: ಮಗ ದಸ್ತಗೀರನ ಎದುರು ತಲೆ ಬಗ್ಗಿಸಬೇಕು. ಹಾಗೆ ಬಗ್ಗಿಸಿದರೆ ಅವನು ಜೇಲಿಗೆ ಹೋದರೂ ನನ್ನ ಮಗನೇ ಎಂದು ವೇಣೂಬಾಯಿಗೆ ಹೇಳಿದ್ದರು. ಆಕೆ ಬಾಯಿಗೆ ಸೆರಗು ಹಚ್ಚಿದ್ದಳು.

ಚಪಳಗಾಂವದಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ರಾಚಪ್ಪನನ್ನು ಖುರ್ಚಿಯಲ್ಲಿ ಕೂಡಿಸಿದರು. ಚಂದ್ರಶೇಖರರು ಫೇಟಾ ಕಟ್ಟಿದರು. ಪರಾಗ ಹೇಳುವ ಮೊದಲೇ ಬಗ್ಗಿ ಅವನ ಕಾಲು ಮುಟ್ಟಿದ, ನಮ್ಮವರು ಅಂತ ತಿಳೀಲಿಲ್ಲ ಕಾಕಾ ಅಂದ. ಅಷ್ಟು ಸಲೀಸಾಗಿ ಬಗ್ಗಿದ್ದನ್ನು ತಂದೆ ನೋಡಿದರು. ರಾಚಪ್ಪ ನೆಲ ನೋಡುತ್ತ ಕೂತಿದ್ದ. ಅವನಿಗೆ ಹೊಸ ಆಕಳು ಕೊಡಿಸುವ ಮಾತಾಗಿತ್ತು, ಬದಲಿಗೆ ಹೊಡೆದವರ ಮುಖವನ್ನು ಅವನು ಕೋರ್ಟಿನಲ್ಲಿ ಮರೆಯುವ ಮಾತೂ ಆಗಿತ್ತು.

ಊಟಕ್ಕೆ ಎಲೆ ಹಾಕುವಾಗ ಚಂದ್ರಶೇಖರರು ಮಗನನ್ನು ಪಕ್ಕಕ್ಕೆ ಕರೆದು, ದಸ್ತಗೀರನ ಮನೆ ನಾಲ್ಕೇ ಹೆಜ್ಜೆ, ಹೋಗಿ ಬರೋಣ ಎಂದರು.

"ಅಲ್ಲಿ ನಮ್ಮದೇನು ಕೆಲಸ ಅಪ್ಪಾ?" ಅಂದ ಪರಾಗ. ಸಿಟ್ಟಿನಿಂದಲ್ಲ. ನಿಜಕ್ಕೂ ತಿಳಿಯದವನ ಹಾಗೆ ಕೇಳಿದ. ಅದೇ ಚಂದ್ರಶೇಖರರಿಗೆ ಚುಚ್ಚಿತು.

ಅವರೊಬ್ಬರೇ ಹೋದರು. ದಸ್ತಗೀರ ಕಟ್ಟೆಯ ಮೇಲೆ ಕೂತಿದ್ದ, ಎರಡೂ ಕೈ ಮೊಣಕೈತನಕ ಪ್ಲಾಸ್ಟರು. ಅವನ ತಾಯಿ ರೊಟ್ಟಿ ಮುರಿದು ಬಾಯಿಗೆ ಇಡುತ್ತಿದ್ದಳು. ಚಂದ್ರಶೇಖರರು ತಾವು ಪರಾಗನ ತಂದೆ ಎಂದು ಹೇಳಿಕೊಂಡರು. ಮುದುಕಿಯ ಕೈ ಅಲ್ಲೇ ನಿಂತಿತು. ಅವರು ಚೀಲದಿಂದ ಫೇಟಾದ ಬಟ್ಟೆ ತೆಗೆದು, ತಪ್ಪಾಗಿದೆ ತಮ್ಮಾ, ನಿನ್ನ ಮರ್ಯಾದಿ ನಿನಗ ಕೊಡಾಕ ಬಂದೀನಿ ಎಂದರು.

ದಸ್ತಗೀರ ಆ ಬಟ್ಟೆಯನ್ನು ನೋಡಿದ, ಅತ್ತ ರಾಚಪ್ಪನ ಮನೆಯ ಕಡೆ ನೋಡಿದ.

"ರಾಚಪ್ಪ ಕಾಕಾಗ ಕಟ್ಟೀರಿ. ಅವರ ಬಾಯಿ ಬಂದಾತು," ಅಂದ. "ನನ್ನ ಬಾಯಿ ಬಂದ ಮಾಡಾಕ ಇದನ್ನ ತಂದೀರೇನ್ರಿ?"

ಹಾಗಲ್ಲ ಎನ್ನಲು ಚಂದ್ರಶೇಖರರು ಬಾಯಿ ತೆರೆದರು. ಮಗ ಜೇಲಿನಿಂದ ಬಂದ ದಿನವೇ ರಾಡು ಹಿಡಿದವನು ನಾನೇ ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿದ್ದ. ಅದನ್ನು ಕೋರ್ಟಿನಲ್ಲಿ ನಾನು ಹೇಳುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ವೇಣೂಬಾಯಿಯ ಮುಖ ಕಣ್ಣ ಮುಂದೆ ಬಂತು. ಮಾತು ಒಳಗೇ ಇಳಿಯಿತು. ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ತಿರುಗಿದರು. ಅಂಜುಬುರುಕ ಎಂದು ತಮ್ಮನ್ನು ತಾವೇ ಬೈದುಕೊಂಡರು, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಾಗಲಿಲ್ಲ.

ರಾಚಪ್ಪನ ಅಂಗಳದಲ್ಲಿ ಊಟ ಮುಗಿದು ಎಲೆ-ಅಡಿಕೆ ನಡೆದಿತ್ತು. ನೀರು ಕುಡಿಯಲು ಚೀಲ ಕೆಳಗಿಟ್ಟರು. ಪರಾಗ ಅದರಿಂದ ಇಣುಕುತ್ತಿದ್ದ ಕೇಸರಿ ಬಟ್ಟೆಯನ್ನು ಎಳೆದ.

"ಇದು ನನಗ ತಂದೀಯೇನು ಅಪ್ಪಾ?" ಎಂದು ನಗುತ್ತ ತಲೆ ಬಗ್ಗಿಸಿ ಎದುರು ನಿಂತ. ಗೆಳೆಯರು ಮೊಬೈಲು ಎತ್ತಿದರು. ಒಂದು ಕಟ್ಟಿಬಿಡ್ರಿ ಎಂದರು ಅಣ್ಣಾರಾಯರು.

ಬೇಕಾಗಿದ್ದುದು ಇದೇ ತಲೆ, ಹೀಗೇ ಬಗ್ಗಿದ್ದು. ಬಗ್ಗಿದ ಜಾಗ ಮಾತ್ರ ಬೇರೆ. ಚಂದ್ರಶೇಖರರು ಕೈ ಎತ್ತಲಿಲ್ಲ.

"ನಾ ಕಟ್ಟೂದಿಲ್ಲ," ಎಂದರು. "ಮೊದಲ ದಸ್ತಗೀರನ ಮುಂದ ಬಗ್ಗಿ ಬಾ."

ಅಣ್ಣಾರಾಯರು, ಬಿಸಿಲಾಗ ತಿರುಗಿ ಕ್ಲಾರ್ಕ್ ಸಾಹೇಬರಿಗೆ ತಲಿ ಹೊಡಿತೈತಿ ಎಂದರು. ಎಲ್ಲರೂ ನಕ್ಕರು. ಪರಾಗನೂ ನಕ್ಕ. ಆಮೇಲೆ ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಾನೇ ಸುತ್ತತೊಡಗಿದ. ಸಣ್ಣವನಿದ್ದಾಗ ತಂದೆಯ ಮಗ್ಗುಲಲ್ಲಿ ಕೂತು ಕಲಿತದ್ದು. ಎಡಕ್ಕೆ ಮೂರು ಸುತ್ತು, ಹಣೆಯ ಮೇಲೆ ಹಾಯುವ ಮಡಿಕೆ, ಕೊನೆಗೆ ತುರಾಯಿ.

ಚಂದ್ರಶೇಖರರು ನೋಡುತ್ತ ನಿಂತರು. ಎಲ್ಲಾದರೂ ತಪ್ಪಲಿ ಎಂದು ಕಾದರು. ಒಂದು ಮಡಿಕೆಯೂ ತಪ್ಪಲಿಲ್ಲ.