ಕಂಬ ಹತ್ತಿದವನ ಚೀಲ

ಹನ್ನೊಂದು ಗಂಟೆಗೆ ಹೆಂಡತಿ ಬರುತ್ತಾಳೆ ಅಂತ ಗೊತ್ತಾದ ಮೇಲೆ ಕರೆಂಟಣ್ಣನಿಗೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಲೋಟ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತ. ಅದು ಕುಡಿತ ಬಿಡಿಸುವ ಕೇಂದ್ರ. ಹಿಂದೆ ಯಾವುದೋ ಗೋದಾಮಾಗಿದ್ದ ಉದ್ದನೆಯ ಕಟ್ಟಡ, ಎಂಟು ಮಂಚ, ಸುಣ್ಣದ ಗೋಡೆ, ಗೇಟಿನಲ್ಲಿ ಒಬ್ಬ ಕಾವಲಿನವನು. ಲೈನ್‌ಮನ್ ಕೆಲಸದವನಾದ್ದರಿಂದ ಮೊದಲ ದಿನವೇ ಎಲ್ಲರೂ ಸೇರಿ ಅವನಿಗೆ ಕರೆಂಟಣ್ಣ ಎಂದು ಹೆಸರಿಟ್ಟಿದ್ದರು.

"ಏನಣ್ಣ, ಗಂಡು ನೋಡೋಕೆ ಬರ್ತಾರೇನೋ ಅನ್ನೋ ಹಾಗೆ ಗಡ್ಡ ಕೆರ್ಕೊಂಡಿದ್ದೀಯ?" ಎಂದ ಪಕ್ಕದ ಮಂಚದ ಬಸ್ ಡ್ರೈವರ್.

"ನೋಡೋದೇನು ಬಂತು, ಇಪ್ಪತ್ತು ವರ್ಷದಿಂದ ನೋಡ್ತಾನೇ ಇದ್ದಾಳೆ."

"ಅದೇ ನನ್ನ ಭಯ. ಈ ಸಲ ಒಪ್ಪಿಗೆ ಇಲ್ಲ ಅಂದುಬಿಟ್ಟಾಳು."

ಕರೆಂಟಣ್ಣ ನಗಲು ನೋಡಿದ. ನಗು ತುಟಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಈ ಕೇಂದ್ರಕ್ಕೆ ಅವನು ಬಂದದ್ದು ಇದು ಮೂರನೇ ಸಲ. ಎರಡು ಸಲವೂ ಕುಡಿತ ಬಿಟ್ಟು, ಮೈ ತುಂಬಿಕೊಂಡು, ಎಲ್ಲರಿಂದ ಭೇಷ್ ಅನ್ನಿಸಿಕೊಂಡು ಮನೆಗೆ ಹೋಗಿದ್ದ. ಒಂದು ಸಲ ಇಪ್ಪತ್ತು ದಿನ, ಇನ್ನೊಂದು ಸಲ ಒಂದೂವರೆ ತಿಂಗಳು. ಯಾವುದೋ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದು ಕಿವಿಗೆ ಬಿದ್ದರೆ ಸಾಕು, ಕಾಲುಗಳು ತಾವಾಗಿ ಹೆಂಡದಂಗಡಿಯ ದಾರಿ ಹಿಡಿಯುತ್ತಿದ್ದವು. ಈ ಸಲ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಆಪ್ತಸಲಹೆಯ ಮೇಡಂ ಮೊದಲ ದಿನವೇ ಹೇಳಿದ್ದರು: "ಕುಡಿತ ಬಿಡಿಸೋದು ನಮಗೆ ಗೊತ್ತು. ನಿಮಗೆ ಕುಡಿಸ್ತಿರೋದು ಯಾವುದು ಅಂತ ನೀವು ಹೇಳಬೇಕು."

ಅವನು ಹೇಳಿದ್ದ. ಏಳು ವರ್ಷದ ಹಿಂದೆ ಹೆಂಡತಿಯ ತಮ್ಮ ಕಂಬದ ಮೇಲೆ ಕರೆಂಟು ಹೊಡೆದು ಸತ್ತಿದ್ದ. ಭಾವನ ಬಾಲ ಹಿಡಿದುಕೊಂಡೇ ಕೆಲಸ ಕಲಿತ ಹುಡುಗ. ಭಾವನ ಜೊತೆಯಲ್ಲೇ ಕೆಲಸಕ್ಕಿದ್ದ. ಲೈನ್ ಬಂದ್ ಆಗಿತ್ತು. ಆದರೆ ಊರಾಚೆಯ ಹಿಟ್ಟಿನ ಗಿರಣಿಯವರು ಜನರೇಟರ್ ಹಾಕಿಕೊಂಡಾಗ ಸ್ವಿಚ್ಚನ್ನು ಸರಿಯಾಗಿ ತಿರುಗಿಸದೆ, ಅಲ್ಲಿಯ ಕರೆಂಟು ತಿರುಗಿ ಲೈನಿಗೆ ಬಂದಿತ್ತು. ವಿಚಾರಣೆಯಾಯಿತು, ಹಾಗೆಂದೇ ಬರೆದರು. ಜನರೇಟರ್ ನೋಡಿಕೊಳ್ಳುತ್ತಿದ್ದವನ ಕೆಲಸ ಹೋಯಿತು.

ಇಷ್ಟನ್ನು ಮೂರು ವಾರದಲ್ಲಿ ಮೂರು ಸಲ ಹೇಳಿದ್ದ. ನಾಲ್ಕನೆಯದು ಇವತ್ತು ಹತ್ತು ಗಂಟೆಗೆ.

ಮೇಡಂ ಕೋಣೆಯಲ್ಲಿ ಎರಡು ಕುರ್ಚಿ, ನೀರಿನ ಹೂಜಿ, ಗೋಡೆ ಗಡಿಯಾರ. ಅವರಿಗೆ ಹೆಚ್ಚೆಂದರೆ ಮೂವತ್ತೈದು. ಮೊದಲು 'ಈ ಕೂಸು ನನಗೇನು ಹೇಳೀತು' ಅಂದುಕೊಂಡಿದ್ದವನು ಈಗ ಅವರ ಎದುರು ಕೂರುವಾಗ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದ.

"ಕಾಲು ನೆಲಕ್ಕೆ ಊರಿ. ಕೋಣೆಯಲ್ಲಿ ಕಾಣೋ ಐದು ವಸ್ತು ಹೇಳಿ."

"ಹೂಜಿ. ಗಡಿಯಾರ. ನಿಮ್ಮ ಚಪ್ಪಲಿ. ಬಾಗಿಲು." ಅವನು ತಲೆ ಎತ್ತಿದ. "ಆ ಸ್ವಿಚ್ ಬೋರ್ಡು. ಅದರ ಒಂದು ತಿರುಪು ಸಡಿಲ ಆಗಿದೆ, ಮುಟ್ಟಬೇಡಿ."

"ಆಯ್ತು, ಮುಟ್ಟಲ್ಲ. ಭಯ ಎಷ್ಟಿದೆ ಈಗ? ಸೊನ್ನೆಯಿಂದ ಹತ್ತು."

"ನಮ್ಮಲ್ಲಿ ಹನ್ನೊಂದು ಸಾವಿರ ವೋಲ್ಟಿಗಿಂತ ಕಮ್ಮಿ ಲೆಕ್ಕ ಇಲ್ಲ ಮೇಡಂ."

ಅವರು ನಕ್ಕರು, ಆದರೆ ಕಾದರು. "ಆರು" ಎಂದ ಅವನು.

"ಶುರು ಮಾಡಿ. ಈಗ ನಡೀತಿದೆ ಅನ್ನೋ ಹಾಗೆ ಹೇಳಿ. ಅವಸರ ಬೇಡ."

ಅವನು ಶುರುಮಾಡಿದ. ಬೆಳಗ್ಗೆ ಹೊರಟದ್ದು, ಟ್ರಾನ್ಸ್‌ಫಾರ್ಮರಿನ ಮೂರೂ ಫ್ಯೂಸು ಕಿತ್ತದ್ದು, ಹುಡುಗ ಏಣಿ ಹೊತ್ತು ದೂರದ ಕಂಬಕ್ಕೆ ಹೋದದ್ದು. ಹೇಳುತ್ತಾ ಹೇಳುತ್ತಾ ಅವನ ಬಲಗೈ ಸೊಂಟದ ಹತ್ತಿರ ಹೋಗಿ, ಅಲ್ಲಿ ಇಲ್ಲದ ಚೀಲವನ್ನು ಮುಚ್ಚಿ ಹಿಡಿಯಿತು.

"ನಿಲ್ಲಿಸಿ" ಎಂದರು ಮೇಡಂ. "ಒಂದು ಮಾತು ಹೇಳಲಾ? ನಾಲ್ಕು ಸಲವೂ ನೀವು ಒಂದೇ ಥರ ಹೇಳಿದ್ದೀರಿ. ಒಂದಕ್ಷರ ಆಚೀಚೆ ಇಲ್ಲ. ನೆನಪು ಹಾಗೆ ಬರಲ್ಲ ಅಣ್ಣಾ. ಒಂದು ಸಲ ಬಿಸಿಲು ನೆನಪಾಗುತ್ತೆ, ಇನ್ನೊಂದು ಸಲ ಬಾಯಾರಿದ್ದು. ಒಂದೇ ಥರ ಬರೋದು ಪೊಲೀಸರ ಮುಂದೆ ಕೊಡೋ ಹೇಳಿಕೆ."

ಗಡಿಯಾರದಲ್ಲಿ ಹತ್ತೂ ಇಪ್ಪತ್ತು.

"ಆ ಕೈ ಏನು ಹಿಡ್ಕೊಂಡಿದೆ?"

ಅವನು ಕೈ ನೋಡಿಕೊಂಡ. ತನ್ನದಲ್ಲವೇನೋ ಅನ್ನುವ ಹಾಗೆ.

"ಫ್ಯೂಸು" ಎಂದ.

ಆಮೇಲೆ ಬಂದ ಮಾತಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಮೇಡಂ ಒಂದೊಂದೇ ಎಳೆ ಹಿಡಿದು ಕೇಳಿದರು. ಲೈನಿನವರಲ್ಲಿ ಒಂದು ಕಟ್ಟಳೆ ಇದೆ: ಕಂಬ ಹತ್ತುವವನ ಚೀಲದಲ್ಲೇ ಫ್ಯೂಸು ಇರಬೇಕು. ಅವನು ಇಳಿದು ಬಂದು ತನ್ನ ಕೈಯಾರೆ ಕೊಡುವವರೆಗೆ ಬ್ರಹ್ಮ ಬಂದರೂ ಲೈನಿಗೆ ಕರೆಂಟು ಕೊಡುವ ಹಾಗಿಲ್ಲ. ಬಾಯಿಮಾತು ಬೇಡ, ಫೋನು ಬೇಡ, ಕೈಸನ್ನೆ ಬೇಡ. ಜೀವ ಚೀಲದಲ್ಲಿ. ಆ ದಿನ ಹುಡುಗನ ಸೊಂಟದ ಚೀಲದ ಪಟ್ಟಿ ಕಿತ್ತುಬಂದಿತ್ತು. "ಭಾವ, ನನ್ನ ಚೀಲಕ್ಕಿಂತ ನೀವೇ ಭದ್ರ, ಇಟ್ಕೊಳ್ಳಿ" ಎಂದು ಮೂರನ್ನೂ ಇವನ ಕೈಗಿಟ್ಟು ನಕ್ಕು ಹೋದ. ಕಂಬ ಮರಗಳ ಮರೆಯಲ್ಲಿತ್ತು. ಮುಕ್ಕಾಲು ಗಂಟೆ ಆಗಿರಬೇಕು. ಬೇಲಿಯ ಮೇಲೆ ಏಣಿಯ ತುದಿಯೊಂದು ಈ ಕಡೆ ಬರುತ್ತಿರುವುದು ಕಂಡಿತು. ಆಯಿತು, ಇಳಿದ, ಬರುತ್ತಿದ್ದಾನೆ.

"ಅವನು ಬರೋದ್ರೊಳಗೆ ಲೈನ್ ಕೊಟ್ಟಿರೋಣ ಅನ್ಕೊಂಡೆ ಮೇಡಂ. 'ಭಾವನ ಕೈ ಚುರುಕು' ಅಂತಿದ್ದ ಯಾವಾಗ್ಲೂ. ಅದನ್ನ ಅವನ ಬಾಯಲ್ಲಿ ಕೇಳಬೇಕು ಅನ್ನೋ ಆಸೆ. ಅಷ್ಟೇ. ಮೊದಲನೇದು ಹಾಕಿದೆ. ಎರಡನೇದು ಹಾಕಿದೆ. ಆ ಕಡೆ ಮರದಿಂದ ಹಕ್ಕಿ ಎಲ್ಲಾ ಒಟ್ಟಿಗೆ ಎದ್ದವು. ಮೂರನೇದು ಕೈಯಲ್ಲೇ ಇತ್ತು."

ಏಣಿ ಹೊತ್ತು ಬಂದವನು ಮರದ ಕೊಂಬೆ ಕಡಿಯುವ ಯಾರೋ ಕೂಲಿಯವನು.

"ಆಮೇಲೆ?"

"ಕಿತ್ತೆ. ಕಿತ್ತು ಚೀಲಕ್ಕೆ ಹಾಕ್ಕೊಂಡು ಓಡಿದೆ." ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ಸಾಹೇಬರು ಬಂದು ನನ್ನ ಚೀಲ ತೆಗೆಸಿ ನೋಡಿದ್ರು. ಮೂರೂ ಇದ್ವು. 'ನಿನ್ನ ತಪ್ಪೇನಿಲ್ಲಪ್ಪ, ಫ್ಯೂಸು ನಿನ್ನ ಹತ್ರಾನೇ ಇದೆ, ಕರೆಂಟು ಗಿರಣಿ ಕಡೆಯಿಂದ ಬಂದಿರಬೇಕು' ಅಂದ್ರು. ಯಾವ ಕಟ್ಟಳೆ ಅವನನ್ನ ಉಳಿಸಬೇಕಿತ್ತೋ, ಅದು ನನ್ನನ್ನ ಉಳಿಸ್ತು."

ಮೇಡಂ ಅವನಿಗೆ ನೀರು ಕೊಟ್ಟರು. ಕಾಲು ಊರಿಸಿದರು, ಮತ್ತೆ ಐದು ವಸ್ತು ಹೇಳಿಸಿದರು. ಆರರಿಂದ ಹತ್ತಕ್ಕೇರಿದ್ದ ಭಯ ಎಂಟಕ್ಕೆ ಬಂತು, ಅಲ್ಲೇ ನಿಂತಿತು. ಹೊರಗೆ ಗೇಟು ಕಿರ್ರೆಂದಿತು.

"ಬಂದ್ಲು" ಎಂದ.

"ಇಲ್ಲಿ ಹೇಳಿದ್ದು ನನ್ನಿಂದ ಹೊರಗೆ ಹೋಗಲ್ಲ. ಅವರಿಗೆ ಹೇಳೋದು ಬಿಡೋದು ನಿಮ್ಮದು. ಇವತ್ತೇ ಹೇಳಬೇಕು ಅಂತಾನೂ ಇಲ್ಲ."

"ಇವತ್ತು ಹೇಳಲಿಲ್ಲ ಅಂದ್ರೆ ಸೋಮವಾರ ನೀವು ಬಿಟ್ಟ ಮೇಲೆ ಹಾಗೇ ಮನೆಗೆ ಹೋಗ್ತೀನಿ. ಅವಳು ತಮ್ಮನ ಫೋಟೋ ಮುಂದೆ ನಿಂತು ಆ ಜನರೇಟರಿನವನಿಗೆ ಹಿಡಿಶಾಪ ಹಾಕ್ತಾಳೆ. ನಾನು ಹಿಂದೆ ನಿಂತು ಕೇಳ್ತೀನಿ. ಸಾಯಂಕಾಲದೊಳಗೆ ಕುಡಿದಿರ್ತೀನಿ." ಒರಟು ಅಂಗೈಯಿಂದ ಮುಖ ಒರೆಸಿಕೊಂಡ. "ಹೇಳಿದ್ರೆ ಅವಳು ಹೋಗ್ತಾಳೆ. ಅತ್ತ ದರಿ, ಇತ್ತ ಪುಲಿ."

"ಕರೀಲಾ?"

ಅವನು ತಾನೇ ಎದ್ದು ಬಾಗಿಲು ತೆಗೆದ.

ಹೆಂಡತಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಂಡನ ಮುಖ ನೋಡಿ, "ಏನ್ರೀ, ಜ್ವರಾನಾ? ಹಿಂಗ್ಯಾಕೆ ನಡುಗ್ತಿದ್ದೀರಿ? ಮೇಡಂ, ಇವರಿಗೆ ಊಟ ಸರಿಯಾಗಿ ಹಾಕ್ತೀರಾ?" ಎಂದಳು.

"ಕೂತ್ಕೋ, ಮಾತಾಡಬೇಡ. ನಾನು ನಿಲ್ಲಿಸಿಬಿಟ್ರೆ ಮತ್ತೆ ಹೇಳೋಕಾಗಲ್ಲ" ಎಂದ. ಹೇಳಿದ. ಈ ಸಲ ಚುಟುಕಾಗಿ, ತಿರುವುಮುರುವಾಗಿ, ಹಕ್ಕಿಯಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಕಿತ್ತುಹೋದ ಪಟ್ಟಿ ಹೇಳಿದ. ಮೂರನೇ ಫ್ಯೂಸು ಕೈಯಲ್ಲಿದ್ದದ್ದು ಹೇಳಿದ. ಕೊನೆಗೆ, "ಜನರೇಟರಿನವನದ್ದು ಏನೂ ಇಲ್ಲ. ಹಾಕಿದವನು ನಾನು" ಎಂದ.

ಅವಳು ಅಳಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ಕೈಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲು ತೆರೆದೇ ಬಿಟ್ಟು ಹೊರಟುಹೋದಳು.

ಅವನು ಧಡಕ್ಕನೆ ಎದ್ದ.

"ಬೇಡ. ಅವರನ್ನ ಬಿಡಿ" ಎಂದರು ಮೇಡಂ.

"ಮೇಡಂ, ನನಗೆ ಈಗಲೇ ಕುಡೀಬೇಕು ಅನ್ನಿಸ್ತಿದೆ. ಗೇಟು ಹಾರಿ ಹೋಗೋಣ ಅನ್ನಿಸ್ತಿದೆ."

"ಅನ್ನಿಸಲಿ. ಕುಡೀಬೇಕು ಅಂತ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಕೂತ್ಕೊಂಡೇ ಅನ್ನಿಸಿಕೊಳ್ಳಿ."

ಅವನು ಕೂತ. ಎರಡು ಕೈಯಿಂದ ಕುರ್ಚಿಯ ಅಂಚು ಹಿಡಿದುಕೊಂಡು, ಪ್ರವಾಹದಲ್ಲಿ ಮರದ ಬೊಡ್ಡೆ ಹಿಡಿದವನ ಹಾಗೆ ಕೂತ. ತೆರೆದ ಬಾಗಿಲಿನಿಂದ ಅಂಗಳ ಕಾಣುತ್ತಿತ್ತು. ಅವಳು ಗೇಟಿನವರೆಗೆ ಹೋದಳು. ಕಾವಲಿನವನು ಅಗುಳಿ ತೆಗೆದು ಏನೋ ಕೇಳಿದ. ಅವಳು ಕಂಬಿ ಹಿಡಿದು ಆಚೆ ರಸ್ತೆ ನೋಡುತ್ತಾ ನಿಂತಳು. ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. ಕಾವಲಿನವನು ಕಾದು ಸಾಕಾಗಿ ಅಗುಳಿ ಮತ್ತೆ ಹಾಕಿ ತನ್ನ ಸ್ಟೂಲಿನ ಮೇಲೆ ಹೋಗಿ ಕೂತ.

ಹೋದಷ್ಟೇ ನಿಧಾನವಾಗಿ ಅವಳು ತಿರುಗಿ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು.

"ಏಳು ವರ್ಷ" ಎಂದಳು. "ಒಬ್ಬ ನಿರಪರಾಧಿಗೆ ಏಳು ವರ್ಷ ಶಾಪ ಹಾಕಿಸಿದ್ರಲ್ರೀ ನನ್ನ ಕೈಲಿ. ಅವನ ಮಕ್ಕಳು ಹಾಳಾಗಲಿ ಅಂದಿದ್ದೀನಿ. ಪಕ್ಕದಲ್ಲೇ ಇದ್ರಿ ನೀವು."

ಅವಳು ಕೈಚೀಲವನ್ನು ಹೆಗಲಿನಿಂದ ಇಳಿಸಿದಳು.

"ಅವನ ಮನೆಗೆ ನಾನು ಹೋಗ್ತೀನಿ. ಶಾಪ ಹಾಕಿದ ಬಾಯಿ ನಂದು. ನಿಮ್ಮ ಸಾಹೇಬರಿಗೆ ಬರೆದು ಕೊಡೋದು ನಿಮ್ಮದು."

"ಕೆಲಸ ಹೋಗುತ್ತೆ."

"ಹೋಗಲಿ. ಅವನದೂ ಹೋಯ್ತಲ್ಲ." ಉಸಿರು ಎಳೆದುಕೊಂಡಳು. "ಅಮ್ಮ ಇನ್ನೂ ಬದುಕಿದ್ದಾಳೆ. ಅವಳಿಗೆ ಯಾರು ಹೇಳೋದು?"

ಅವನು ಕುರ್ಚಿಯ ಅಂಚು ಬಿಟ್ಟ.

"ನಾನು" ಎಂದ.

"ಕುಡಿದು ಹೇಳ್ತೀರೋ, ಕುಡೀದೆ ಹೇಳ್ತೀರೋ?"

ಮಾತೆತ್ತಿದರೆ ಸುಳ್ಳು ಹೇಳುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು, ಮೇಡಂ ನೆಲ ನೋಡುತ್ತಿದ್ದರು.

"ಸೋಮವಾರ ಮನೆಗೆ ಬಂದ್ರೆ ಕುಡಿದೇ ಹೇಳ್ತೀನಿ" ಎಂದ ಕೊನೆಗೆ. "ಕುಡೀದೆ ಹೇಳೋ ಅಷ್ಟು ಗಟ್ಟಿ ಇನ್ನೂ ಆಗಿಲ್ಲ ನಾನು."



"ಹಾಗಾದ್ರೆ ಸೋಮವಾರ ಬರಬೇಡಿ" ಎಂದಳು. ಮೇಡಂ ಕಡೆ ತಿರುಗಿ, "ಇನ್ನೆಷ್ಟು ದಿನ ಬೇಕಾಗುತ್ತೆ ಮೇಡಂ?" ಎಂದು ಕೇಳಿ, ಉತ್ತರಕ್ಕಾಗಿ ಹೊಸ್ತಿಲ ಮೇಲೇ ಕುಕ್ಕರಿಸಿದಳು.