ವ್ಯಾನಿನ ದನಿಗೆ ತಂಬಿಗೆ ನೀರು

ಕೊಟ್ಟೂರಿನ ಅರ್ಚನಾಳಿಗೆ ಸಾಬೂನು ಕಂಪನಿಯಲ್ಲಿ ನೌಕರಿ ಸಿಕ್ಕಾಗ ಓಣಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಮುಂಬಯಿಯ ದೊಡ್ಡ ಕಂಪನಿ, ನೀಲಿ ವ್ಯಾನು, ಕೊರಳಲ್ಲಿ ಫೋಟೋ ಹಾಕಿದ ಐಡಿ ಕಾರ್ಡು! ಕೆಲಸವೇನೋ ಮೈಕು ಹಿಡಿದು ಊರೂರು ಕೂಗುವುದು. ಆದರೆ ಆ ದನಿ ಎಂಥದೆಂದರೆ, ಕೇಳಿದವರು ಸಾಬೂನು ಕೊಳ್ಳುವುದನ್ನೂ ಮರೆತು ನಿಂತುಬಿಡುತ್ತಿದ್ದರು.

ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಒಂದು ವರ್ಷ ಅವಳು ಗಾಳಿಯಲ್ಲಿ ತೇಲಿದಂತೆ ತಿರುಗಿದಳು. ಸೂರ್ಯಕಾಂತಿ ಹೊಲಗಳ ನಡುವೆ ವ್ಯಾನು ಸಾಗುವಾಗ, ತನ್ನ ದನಿ ತನಗಿಂತ ಮುಂಚೆ ಹೋಗಿ ಊರು ಸೇರುತ್ತದೆ ಅನ್ನಿಸುತ್ತಿತ್ತು. ಚಿಗಟೇರಿಯಲ್ಲಿ ಮಾತ್ರ ತಪ್ಪದೆ ಇಳಿಯುತ್ತಿದ್ದಳು. ಅಲ್ಲಿ ಕಣ್ಣು ಕಾಣದ ಪಾಲಮ್ಮಜ್ಜಿ ಕಟ್ಟೆಯ ಮೇಲೆ ಬೆಲ್ಲ, ನೀರು ಇಟ್ಟುಕೊಂಡು ಕಾಯುತ್ತಿದ್ದಳು. "ಒದರಿ ಒದರಿ ಗಂಟ್ಲಾ ಒಣಗೇತಿ, ಕುಡಿಯವ್ವಾ," ಎನ್ನುತ್ತಿದ್ದಳು.

ಅರ್ಚನಾಳ ಹೆಸರು ಮುಂಬಯಿಗೂ ಮುಟ್ಟಿತು. ಹುಬ್ಬಳ್ಳಿಗೆ ಕರೆಸಿ, ಗಾಜಿನ ಕೋಣೆಯಲ್ಲಿ ಕೂರಿಸಿ, ಅವಳ ದನಿಯ ಕ್ಯಾಸೆಟ್ ಮಾಡಿಕೊಂಡರು. ಸಾಹೇಬರು ಶಾಲು ಹೊದಿಸಿದರು. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಮುಂದಿನ ತಿಂಗಳು, ಇನ್ನು ಬರುವುದು ಬೇಡ ಎಂದರು. ಕ್ಯಾಸೆಟ್ ಇದ್ದಮೇಲೆ ಹುಡುಗಿ ಯಾಕೆ? ಪಾಪ, ಅಷ್ಟು ಚೆನ್ನಾಗಿ ಕೂಗದೆ ಇದ್ದಿದ್ದರೆ ನೌಕರಿ ಇನ್ನೂ ನಾಲ್ಕು ದಿನ ಉಳಿಯುತ್ತಿತ್ತು.

ಮನೆಯಲ್ಲಿ ಅವಳು ಮಾತು ಬಿಟ್ಟಳು. ಸಂಜೆ ಮಾಳಿಗೆಯ ಮೇಲೆ ಅಡ್ಡಾದರೆ ದೂರದಿಂದ ತನ್ನದೇ ದನಿ ತೇಲಿ ಬರುತ್ತಿತ್ತು: "ಅಕ್ಕಾರೇ, ಅವ್ವಾರೇ, ನಾನು ಅರ್ಚನಾ ಬಂದೀನ್ರಿ!" ಆ ಅರ್ಚನಾ ಅಲ್ಲಿ ನಗುನಗುತ್ತ ತಿರುಗುತ್ತಿರುವಾಗ ಇಲ್ಲಿ ಮಲಗಿರುವವಳು ಯಾರು ಎಂದು ದಿಗಿಲಾಗುತ್ತಿತ್ತು. ಬಾಯಿ ತೆರೆದರೆ ಕಂಪನಿಯ ಸ್ವತ್ತು ಕದ್ದಂತೆ ಅನ್ನಿಸುತ್ತಿತ್ತು.

ಒಂದು ದಿನ ಸಂತೆಯಲ್ಲಿ ವ್ಯಾನಿನ ಡ್ರೈವರ್ ರಾಮಣ್ಣ ಸಿಕ್ಕ.

"ಚಿಗಟೇರಿ ಮುದುಕಿ ಈಗ್ಲೂ ತಂಬಿಗಿ ಹಿಡ್ಕಂಡು ಬರ್ತಾಳ ತಂಗೀ. ಅರ್ಚನಾ ಯಾಕ ಇಳೀಲಿಲ್ಲ ಅಂತ ಕೇಳ್ತಾಳ. ಕ್ಯಾಸೆಟ್ ಅಂದ್ರ ಆಕಿಗೆ ತಿಳೀವಲ್ದು. ನಾಳಿ ಮತ್ತ ಅಲ್ಲಿಗೇ ಹೊಂಟೀನಿ."

ಮರುದಿನ ಅರ್ಚನಾ ಚಿಗಟೇರಿಯ ಬಸ್ಸು ಹತ್ತಿದಳು.

ವ್ಯಾನು ಆಗಲೇ ಬೇವಿನ ಮರದ ಕೆಳಗೆ ನಿಂತು ಕೂಗುತ್ತಿತ್ತು. ಪಾಲಮ್ಮಜ್ಜಿ ತಂಬಿಗೆ ಹಿಡಿದು, ಗೋಡೆ ತಡವುತ್ತ, ಆ ದನಿಯತ್ತ ಹೊರಟಿದ್ದಳು. ಎದುರಿಗೇ ನಿಂತಿದ್ದ ಅರ್ಚನಾಳನ್ನು ದಾಟಿ ಹೋಗಿಯೇಬಿಟ್ಟಳು. ಕರೆಯಬೇಕು. ಕರೆದರೆ ಅಜ್ಜಿ ಯಾವ ದನಿಯನ್ನು ನಂಬುತ್ತಾಳೆ? ವ್ಯಾನಿನದು ನಗುವ ದನಿ. ತನ್ನದು ತುಕ್ಕು ಹಿಡಿದದ್ದು.

"ಅಜ್ಜೀ..." ಎಂದಳು. ಅಷ್ಟಕ್ಕೇ ದನಿ ಒಡೆಯಿತು.

ಮುದುಕಿ ನಿಂತಳು. ಸ್ವಲ್ಪ ಹೊತ್ತು ವ್ಯಾನಿನತ್ತ ಕಿವಿಗೊಟ್ಟಳು. ಆಮೇಲೆ ಮೆಲ್ಲಗೆ ತಿರುಗಿ ಬಂದು, ಕೈ ಚಾಚಿ, ಅರ್ಚನಾಳ ಗಂಟಲು ಮುಟ್ಟಿ ನೋಡಿದಳು.

"ಅಲ್ಲೊಬ್ಬಾಕಿ ಒದರಾಕ ಹತ್ಯಾಳ. ಎಷ್ಟು ಒದರಿದ್ರೂ ಆಕಿಗೆ ನೀರಡಿಕಿ ಆಗವಲ್ದು," ಎಂದಳು. "ಗಂಟ್ಲಾ ಒಣಗಿದಾಕಿ ನೀನು. ನೀನೇ ನಮ್ಮಾಕಿ. ಕುಡಿ."

ಅರ್ಚನಾ ಗಟಗಟ ಕುಡಿದಳು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತರು. ವ್ಯಾನು ಕೂಗುತ್ತ ಮುಂದಿನ ಊರಿಗೆ ಹೊರಟು ಹೋದಾಗಲೂ ಅರ್ಚನಾ ಮಾತಾಡುತ್ತಲೇ ಇದ್ದಳು.