ಹಿಡಿತದ ಅಳತೆ

ಪಟ್ಟಿ ತೋಳನ್ನು ಬಿಗಿಯುತ್ತಾ ಹೋಯಿತು, ಇನ್ನೂ, ಇನ್ನಷ್ಟು, ಸಾಕು ಅನ್ನುವಷ್ಟರಲ್ಲಿ ಮತ್ತೂ ಸ್ವಲ್ಪ, ಅವಳು ಕಣ್ಣು ಮುಚ್ಚಿಕೊಂಡಳು, ಎಷ್ಟು ಕಾಲವಾಯಿತು ಯಾರಾದರೂ ಹೀಗೆ ಗಟ್ಟಿಯಾಗಿ ಹಿಡಿದು, ಯಂತ್ರವಾದರೇನು, ಹಿಡಿತ ಹಿಡಿತವೇ — ನೋವಾಗ್ತಿದೆಯೇನಮ್ಮಾ, ನರ್ಸ್ ಕೇಳಿದಳು, ಇಲ್ಲ ಸಿಸ್ಟರ್, ಇರಲಿ ಬಿಡಿ. ಬಿಪಿ ನೋಡುವ ಪಟ್ಟಿಯನ್ನು ಇನ್ನೊಂದಿಷ್ಟು ಹೊತ್ತು ಇರಲಿ ಎನ್ನುವವಳು ಇವಳೊಬ್ಬಳೇ ಇರಬೇಕು, ಪುಸ್ಸೆಂದು ಗಾಳಿ ಬಿಟ್ಟುಕೊಂಡು ಅದೂ ಸಡಿಲವಾಯಿತು, ಬಿಚ್ಚಿದ ಜಾಗದ ಕೆಳಗೆ ಕೆಂಪು ಚುಕ್ಕೆಗಳು, ಬಟ್ಟೆಯ ಮೇಲೆ ಸೂಜಿಯ ಮೊನೆಯಿಂದ ಗುರುತು ಹಾಕಿದ ಹಾಗೆ, ಆ ಚುಕ್ಕೆಗಳನ್ನು ಸೇರಿಸಿ ಕತ್ತರಿಸಿದರೆ ಒಂದು ತೋಳು ಆದೀತು, ಅರ್ಧ ತೋಳಿನ ಅಂಗಿಯದು. ನರ್ಸ್ ಚುಕ್ಕೆಗಳನ್ನು ನೋಡಿದಳು, ಚಪ್ಪಲಿ ಬಿಟ್ಟು ತೂಕದ ಮೇಲೆ ನಿಲ್ಲಿ, ಮಾತ್ರೆ ಏನಾದ್ರೂ ತಗೋತಿದೀರಾ, ತಲೆನೋವಿಂದೂ ಹೇಳಿ, ಎಲ್ಲಾ ಹೇಳಿ, ಆಮೇಲೆ ಹೊರಗೆ ಕೂತಿರಿ, ಡಾಕ್ಟರ್ ಕರೀತಾರೆ.

ಹೊರಗೆ ಅಣ್ಣ ಕುಳಿತಿದ್ದ, ಅವಳ ಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು. ಮೊದಲ ಸಲ ಬರುವಾಗ ಜೊತೆಗೆ ಒಬ್ಬರನ್ನು ಕರ್ಕೊಂಡು ಬನ್ನಿ, ಡಾಕ್ಟರ್ ಹೇಳಿದ್ದು ಒಬ್ಬರಿಗೇ ನೆನಪಿರಲ್ಲ, ಎಂದು ಫೋನಿನಲ್ಲಿ ಹೇಳಿದ್ದರು, ಒಬ್ಬರು ಅಂದಾಗ ಮನಸ್ಸಿಗೆ ಬಂದದ್ದು ಗಂಡ, ಆಸ್ಪತ್ರೆಗೆ ಬಂದದ್ದು ಅಣ್ಣ. ಏನಂದ್ರು, ಏನಿಲ್ಲ, ತೂಕ ನೋಡಿದ್ರು, ರಕ್ತ ಕಮ್ಮಿ ಇರ್ಬೇಕು ಅಷ್ಟೇ ಕಣೇ, ನೀನು ಹೊಟ್ಟೆಗೆ ಸರಿಯಾಗಿ ತಿಂದಿದ್ದು ಯಾವತ್ತು, ಅವನ ಮನೇಲಿ — ಅಲ್ಲಿಗೆ ನಿಲ್ಲಿಸಿದ. ಅವನ ಮನೆ ಎಂಬುದು ಈಗ ಬೀಗ ಹಾಕಿದ ಎರಡು ಕೋಣೆ, ಕಿಟಕಿಗಳಿಗೆ ಅವನೇ ಕೂರಿಸಿದ ಗಾಜು, ಗಾಜಿನಂಗಡಿಯವನು ಅವನು, ಆಳೆತ್ತರದ ಗಾಜನ್ನು ಬರಿಗೈಲಿ ಹಿಡಿದು ಮೂರನೇ ಮಹಡಿಗೆ ಏರಿಸುವವನು, ಒತ್ತಿದರೆ ಒಡೆಯುತ್ತೆ ಬಿಟ್ಟರೆ ಬೀಳುತ್ತೆ, ಮಧ್ಯದಲ್ಲಿ ಒಂದು ಹಿಡಿತ ಇದೆ ಕಣೇ ಟೇಪು, ಅದು ಹೇಳಿಕೊಡೋಕೆ ಬರಲ್ಲ, ಎನ್ನುತ್ತಿದ್ದವನು. ಸಿದ್ಧ ಉಡುಪಿನ ಕಾರ್ಖಾನೆಯ ಕಟಿಂಗ್ ಮೇಜಿನಿಂದ ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಅವಳು ಮನೆಗೆ ಬಂದುಬಿಡುತ್ತಿದ್ದಳು, ಹಾಗಾಗಿ ಟೇಪು. ಮಲಗಿದರೆ ಅವಳ ತೋಳು ಹಿಡಿದುಕೊಂಡೇ ಮಲಗುತ್ತಿದ್ದ, ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುತ್ತಾರಲ್ಲ, ಹಾಗೆ. ಆಮೇಲೆ ತೋಳಿನ ಮೇಲೆ ಕಲೆಗಳು ಬಂದವು, ನೀಲಿ, ಆಮೇಲೆ ಹಸಿರು, ಹಳದಿ, ಒಂದು ಹೋಗುವಷ್ಟರಲ್ಲಿ ಇನ್ನೊಂದು. ಕಾರ್ಖಾನೆಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವವಳು ಅವಳ ತೋಳು ಸರಿಸಿ ನೋಡಿದಳು, ಏನೇ ಇದು, ಮೇಜಿನ ಮೂಲೆ ತಗುಲ್ತು ಕಣಕ್ಕಾ, ಹ್ಞಾಂ, ನಮ್ಮೆಲ್ಲರ ಮನೇಲೂ ಮೇಜೇ ತಗುಲೋದು, ನಮ್ಮನೆ ಮೇಜು ಕುಡಿದು ಬೇರೆ ಬರುತ್ತೆ. ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗಬಾರದಿತ್ತು. ಅಲ್ಲಿರುವ ಹೆಂಗಸರಿಗೆಲ್ಲ ಈ ಉತ್ತರ ಬಾಯಿಪಾಠ, ತಾವೇ ಹೇಳಿ ಹೇಳಿ ಸವೆಸಿದ ಉತ್ತರ, ಇಲ್ಲಕ್ಕಾ, ಅವರು ಹಾಗಲ್ಲ ಎಂದು ಅವಳು ಹೇಳಿದಷ್ಟೂ ಅವರಿಗೆ ಖಾತ್ರಿ, ಹಾಗಲ್ಲ ಅಂತಲೇ ನಾವೂ ಅಂದಿದ್ದು, ಎಂದು ಕಾಜಾದವಳು ಕಣ್ಣೊರೆಸಿಕೊಂಡು ಅಣ್ಣನಿಗೆ ಫೋನು ಮಾಡಿದಳು, ಪ್ರೀತಿಯಿಂದಲೇ. ಅಣ್ಣ ಬಂದು ಅವಳ ಗಂಡನ ಕಾಲರಿಗೆ ಕೈಹಾಕಿದ, ನಾನು ಹೊಡ್ದಿಲ್ಲ ಭಾವ, ಅವನು ಒಂದೇ ಸಲ ಹೇಳಿದ, ಎರಡನೇ ಸಲ ಹೇಳಲಿಲ್ಲ.

ಅವನು ಹೋದದ್ದು ಅಣ್ಣನಿಗೆ ಹೆದರಿ ಅಲ್ಲ — ಇದನ್ನು ಯಾರಿಗೆ ಹೇಳುವುದು — ಅವನು ಹೋದದ್ದು ತನ್ನ ಕೈಗೆ ಹೆದರಿ. ಏ ಟೇಪು, ನಿದ್ದೇಲಿ ಏನಾದ್ರೂ ನಾನು, ಛೆ, ಏನ್ರೀ ನೀವು, ಅಲ್ಲ ಕಣೇ, ಎಲ್ಲರೂ ಹೇಳ್ತಾರೆ ಅಂದ್ರೆ, ಅಳತೆ ತೆಗಿ. ಕಲೆಯ ಪಕ್ಕದಲ್ಲಿ ಕೈ ತಂದು ಹಿಡಿದ, ಹೆಬ್ಬೆರಳಿಂದ ನಡುಬೆರಳಿಗೆ, ಅವಳ ಕೈ ತನ್ನಷ್ಟಕ್ಕೆ ಕತ್ತಿನಿಂದ ಟೇಪು ಎಳೆಯಿತು, ಮುಂದೆ ಏನು ಚಾಚಿದರೂ ಅಳೆಯುವ ಕೈ ಅದು, ಕಲೆಯಿಂದ ಕಲೆಗೆ, ಬೆರಳಿಂದ ಬೆರಳಿಗೆ, ಅಳತೆ ಒಂದೇ ಬಂತು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಮುಟ್ಟಲೂ ಇಲ್ಲ, ಅವಳ ತೋಳಿಂದ ಒಂದು ಬೆರಳಿನಷ್ಟು ದೂರದಲ್ಲಿ ಹಾಗೆಯೇ ಹಿಡಿದುಕೊಂಡಿದ್ದ, ಕಾಣದ ಗಾಜೊಂದನ್ನು ಹಿಡಿದವನ ಹಾಗೆ. ಆ ವಾರವೇ ಹಾಸಿಗೆ ಸುತ್ತಿಕೊಂಡು ಅಂಗಡಿಯ ಅಟ್ಟಕ್ಕೆ ಹೋದ, ಅವಳನ್ನು ಅಣ್ಣ ತನ್ನ ಮನೆಗೆ ಕರೆದುಕೊಂಡು ಬಂದ. ಅವನು ಹೋಗಿ ತಿಂಗಳುಗಳಾದರೂ ಕಲೆಗಳು ಬರುತ್ತಲೇ ಇದ್ದವು, ಆಗಲಾದರೂ ಅಣ್ಣನಿಗೆ ತಿಳಿಯಬೇಡವೇ, ತಿಳಿಯಿತು, ಅದಕ್ಕೇ ಈಗ ಚೀಲ ಹಿಡಿದುಕೊಂಡು ಕೂತಿದ್ದಾನೆ, ಮುಖ ಎತ್ತದೆ.

ಡಾಕ್ಟರು ವಯಸ್ಸಾದ ಹೆಂಗಸು, ತಣ್ಣನೆಯ ಕೈ, ಕ್ಷಮಿಸಿ ಅಮ್ಮಾ, ಈ ಏಸಿ, ಎಂದು ಅಂಗೈ ಉಜ್ಜಿಕೊಂಡೇ ಮುಟ್ಟಿದರು. ಹಲ್ಲುಜ್ಜುವಾಗ ವಸಡಲ್ಲಿ ರಕ್ತ, ಬರುತ್ತೆ, ಮೂಗಲ್ಲಿ, ಒಂದೆರಡು ಸಲ, ಮುಟ್ಟು ಜಾಸ್ತಿ ಹೋಗುತ್ತಾ, ಜ್ವರ, ರಾತ್ರಿ ಬೆವರು, ಮನೇಲಿ ಯಾರಿಗಾದ್ರೂ ಹೀಗೆ, ಇಲ್ಲ, ಇಲ್ಲ. ಕತ್ತಿನ ಎರಡೂ ಬದಿ ಬೆರಳಾಡಿದವು, ಕಂಕುಳಲ್ಲಿ, ಆಮೇಲೆ ಮಂಚದ ಮೇಲೆ ಮಲಗಿದವಳ ಎಡಗಡೆ ಪಕ್ಕೆಲುಬಿನ ಕೆಳಗೆ, ಉಸಿರು ಜೋರಾಗಿ ಎಳ್ಕೊಳ್ಳಿ, ಅವಳು ಎಳೆದುಕೊಂಡಳು, ಬಿಡಲು ಮನಸ್ಸಾಗಲಿಲ್ಲ, ತನ್ನೊಳಗೆ ಇಷ್ಟೆಲ್ಲ ಜಾಗಗಳಿವೆ ಎಂಬುದನ್ನೇ ಮರೆತಿದ್ದಳು. ಅಣ್ಣನನ್ನು ಹೊರಗೆ ಕಳಿಸಿ ಡಾಕ್ಟರು ದನಿ ತಗ್ಗಿಸಿದರು, ಇದನ್ನ ಎಲ್ಲರಿಗೂ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ, ನಿಮಗೆ ಯಾರಾದ್ರೂ ಹೊಡೀತಾರಾ. ಇಲ್ಲ. ಸರಿ, ಅಂದರು ಡಾಕ್ಟರು. ಅಷ್ಟೇ, ಸರಿ, ಮುಂದಿನ ಪ್ರಶ್ನೆಗೆ ಹೋದರು, ಅವಳ ಇಲ್ಲ ಎಂಬುದನ್ನು ಇಲ್ಲ ಎಂದೇ ತೆಗೆದುಕೊಂಡ ಮೊದಲ ವ್ಯಕ್ತಿ, ಅವಳ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು. ನೋಡಮ್ಮಾ, ರಕ್ತ ಹೆಪ್ಪುಗಟ್ಟಿಸೋಕೆ ಪ್ಲೇಟ್‌ಲೆಟ್ ಅಂತ ಇರುತ್ತೆ, ನೀವು ತಂದಿರೋ ರಿಪೋರ್ಟಲ್ಲಿ ಅದು ತುಂಬಾ ಕಮ್ಮಿ ಇದೆ, ನಿಮ್ಮ ದೇಹವೇ ಅದನ್ನ ಹಾಳು ಮಾಡ್ತಿರಬಹುದು, ಅಥವಾ ಬೇರೆ ಏನಾದ್ರೂ, ಇವತ್ತೇ ಹೇಳೋಕಾಗಲ್ಲ, ಇನ್ನೊಂದಿಷ್ಟು ರಕ್ತ ತಗೊಂಡು ಮೈಕ್ರೋಸ್ಕೋಪಲ್ಲಿ ನೋಡ್ಬೇಕು, ಔಷಧ ಇದೆ, ಹೆದರ್ಬೇಡಿ. ಅವಳಿಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು, ಕಾಯಿಲೆ ಇದೆ ಎಂದದ್ದಕ್ಕೆ ಕುಣಿಯಬೇಕು ಎನ್ನಿಸಿದ್ದು ಹುಚ್ಚಲ್ಲದೆ ಇನ್ನೇನು, ಹಾಗಾದ್ರೆ ಡಾಕ್ಟರ್, ಕಲೆ ಬರೋಕೆ ಯಾರೂ ಹೊಡೀಬೇಕಾಗಿಲ್ಲ. ಹೊಡೆಯೋದಿರಲಿ, ಸುಮ್ಮನೆ ಕೈ ಹಿಡ್ಕೊಂಡ್ರೂ ಸಾಕು, ಅಂದರು ಡಾಕ್ಟರು.

ನರ್ಸ್ ಬಣ್ಣಬಣ್ಣದ ಮುಚ್ಚಳದ ನಳಿಕೆಗಳಲ್ಲಿ ರಕ್ತ ತುಂಬಿಕೊಂಡಳು, ಹತ್ತಿ ಒತ್ತಿ ಹಿಡ್ಕೊಳ್ಳಿ, ನಿಮ್ಮದು ಬೇಗ ನಿಲ್ಲಲ್ಲ, ಕೈ ತೆಗೀಬೇಡಿ. ಕೈ ತೆಗೆಯುವ ಹಾಗಿಲ್ಲ, ಹಾಗಾಗಿ ಅಣ್ಣನೇ ಅವಳ ಗಂಡನ ನಂಬರು ಒತ್ತಿದ, ಅಣ್ಣನ ಫೋನಿನಲ್ಲಿ ಅದು ಭಾವ ಎಂದೇ ಇತ್ತು, ಅಳಿಸಿರಲಿಲ್ಲ, ಅವಳ ಕಿವಿಗೆ ಹಿಡಿದು ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಆ ಕಡೆ ಗಾಜು ಕೊರೆಯುವ ಸದ್ದು, ಕಿರ್ರೆಂದು, ನಿಂತಿತು. ರೀ, ನಾನು. ಹ್ಞೂಂ, ಹೇಳು. ನಿಮ್ಮ ಕೈಯಲ್ಲ ರೀ, ರಕ್ತದ್ದೇ ದೋಷವಂತೆ, ಡಾಕ್ಟರೇ ಹೇಳಿದ್ರು, ಅಣ್ಣ ಇಲ್ಲೇ ಇದಾನೆ, ಅಳ್ತಿದಾನೆ ಪೆದ್ದ. ದೊಡ್ಡ ಕಾಯಿಲೆನಾ, ಗೊತ್ತಿಲ್ಲ, ಔಷಧ ಇದೆಯಂತೆ. ಅವನು ನಿಧಾನವಾಗಿ ಕೇಳಿದ, ಹಂಗಾದ್ರೆ ಯಾವುದ್ರಿಂದ ಬರುತ್ತಂತೆ ಕಲೆ. ಸುಳ್ಳು ಹೇಳಬಹುದಿತ್ತು, ಮೇಜು ಎನ್ನಬಹುದಿತ್ತು, ಯಾವುದ್ರಿಂದ ಬೇಕಾದ್ರೂ ರೀ, ಸುಮ್ಮನೆ ಹಿಡ್ಕೊಂಡ್ರೂ. ಹಿಡ್ಕೊಂಡ್ರೂ ಅಂದ್ರಾ. ಹ್ಞೂಂ, ಆದರೆ ಅದು ತಪ್ಪಲ್ಲವಲ್ಲ, ಕಂದಿದ್ರೆ ಕಂದಲಿ, ಬನ್ನಿ, ಇವತ್ತೇ ಬನ್ನಿ, ನಾನು ಹೋಗಿ ಬೀಗ ತೆಗೀತೀನಿ, ಕಂದಲಿ ಅಂದ್ನಲ್ಲ, ತೋಳು ನಂದು, ಕೇಳಿಸ್ತಾ — ಹತ್ತಿಯ ಕೆಳಗೆ ಬಿಸಿ ಬಿಸಿ, ಅವಳು ಇನ್ನೂ ಗಟ್ಟಿಯಾಗಿ ಒತ್ತಿದಳು, ಕೇಳಿಸ್ತಾ ರೀ.

ಬರಲ್ಲ, ಅಂದ.